ಹನ್ನೆರಡು ಕೇಬಲ್ಲು, ಒಂದೊಂದು ಜಗ್ಗು

ಆ ಭಾನುವಾರ ಬೆಳಿಗ್ಗೆ ನಾನೊಂದು ಘನಘೋರ ಸಂಕಲ್ಪ ಮಾಡಿದೆ. ಬಿಳಿಗೆರೆಯ ಸದಾಶಿವಯ್ಯನವರ ಎಲೆಕ್ಟ್ರಿಕ್ ಟ್ರಾಕ್ಟರಿನ ಬ್ಯಾಟರಿ ಕೇಬಲ್ಲುಗಳನ್ನೆಲ್ಲ ಮನೆಯಲ್ಲೇ, ನಾನೊಬ್ಬನೇ, ಮಧ್ಯಾಹ್ನದ ಮುದ್ದೆಯ ಹೊತ್ತಿಗೆ ಮುಗಿಸಿಬಿಡುವುದು! ತಿಪಟೂರಿನ ಟ್ರಾಕ್ಟರ್ ಶೆಡ್ಡಿನಲ್ಲಿ ನನ್ನದು ಮೂರು ತಿಂಗಳ ‘ನೋಡೋಣ’ ನೌಕರಿ. ಸೋಮವಾರ ಈ ಗಾಡಿ ಓಡಿದರೆ ಖಾಯಂ, ಇಲ್ಲದಿದ್ದರೆ ಮನೆ.

“ಒತ್ತೋ ಮಿಷನ್ನಲ್ಲೇ ಮಾಡ್ಬೇಕು ಕಣ್ಲಾ” ಎಂದು ಮೇಸ್ತ್ರಿ ರಂಗರಾಜಣ್ಣ ಹೇಳಿದ್ದ. ಭಾನುವಾರ ಶೆಡ್ಡಿಗೆ ಬೀಗ, ಮಿಷನ್ನಿಗೆ ರಜೆ. ನನ್ನ ತೋಳಿಗೂ ರಜೆಯೇ? ಹೆಬ್ಬೆರಳ ಗಾತ್ರದ ಕೇಬಲ್ಲಿನ ತುದಿ ಸುಲಿದು, ಬ್ಯಾಟರಿಗೆ ಬಿಗಿಯುವ ತಾಮ್ರದ ಟೋಪಿ ತೊಡಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದೆ. ಬೀದಿನಾಯಿಗಳು ಅಮ್ಮಸಂದ್ರದವರೆಗೆ ಓಡಿರಬೇಕು!

“ಕಲ್ಲು ನೀವಿಟ್ಕೊಂಡ್ರೆ ಬಟ್ಟೆ ಎಲ್ಲಿ ಒಗೀಲಿ?” ಎಂದಳು ಹೆಂಡತಿ ಶಿಲ್ಪ. ಅವಳು ನಾರಿನ ಸಂಘದಲ್ಲಿ ತೆಂಗಿನ ಹಗ್ಗ ಹೊಸೆಯುವವಳು.

“ನಾಳೆ ಒಗಿ!”

“ಹಂಗಾದ್ರೆ ಬಟ್ಟೆ ಹಾಕೋ ಹಗ್ಗ ಬಿಚ್ಕೊಂಡೈತೆ, ಅದನ್ನಾದ್ರೂ ಕಟ್ರಿ.”

“ಟ್ರಾಕ್ಟರಿಗೆ ಪ್ರಾಣ ತುಂಬೋ ಕೈಗೆ ಇಂಥಾ ಕೆಲ್ಸ ಹೇಳ್ತೀಯಲ್ಲೇ!” ಎಂದು ಗೊಣಗಿ, ಹಿತ್ತಲಿಗೆ ಹೋಗಿ ಒಂದು ಗಂಟು ದಯಪಾಲಿಸಿ ಬಂದೆ.

ಮಧ್ಯಾಹ್ನಕ್ಕೆ ಹನ್ನೆರಡು ಕೇಬಲ್ಲೂ ನಡುಮನೆಯಲ್ಲಿ ಸಾಲಾಗಿ ಪವಡಿಸಿದ್ದವು. “ನೋಡು!” ಎಂದೆ. ಅವಳ ಪ್ರಕಾರ ನೋಡುವುದು ಕಣ್ಣಿಂದಲ್ಲ. ಒಂದು ಕೇಬಲ್ಲನ್ನು ಕಾಲಲ್ಲಿ ಮೆಟ್ಟಿ, ಟೋಪಿ ಹಿಡಿದು ಜಗ್ಗಿದಳು. ಟೋಪಿ ಕೈಗೆ ಬಂತು.

“ಕರೆಂಟು ಹರಿಯೋಕಿರೋದು ಕಣೇ ಅದು, ಎಮ್ಮೆ ಕಟ್ಟೋಕಲ್ಲ!”

“ಟ್ರಾಕ್ಟ್ರು ಬದು ಹತ್ತುವಾಗ ಕುಣಿಯಲ್ವಾ? ನಮ್ ಹಗ್ಗ ಕಿತ್ರೆ ಎಮ್ಮೆ ಓಡೋಯ್ತದೆ. ಇದು ಸಡಿಲಾದ್ರೆ?”

“ಕಾದು... ಹೊತ್ಕೋತದೆ” ಎಂದೆ, ಬಲು ಮೆಲ್ಲಗೆ.

ಎರಡನೆಯದನ್ನು ಜಗ್ಗಿದಳು. ಬಂತು. ಮೂರು, ನಾಲ್ಕು... ಹನ್ನೊಂದೂ ಬಂದವು! ಹನ್ನೆರಡನೆಯದು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. “ಇದೊಂದು ಚೆನ್ನಾಗಿ ಮಾಡಿದೀರ ಬುಡಿ” ಎಂದಳು. ಅದು ರಂಗರಾಜಣ್ಣ ಮಾದರಿಗೆಂದು ಮಾಡಿಕೊಟ್ಟಿದ್ದ ಕೇಬಲ್ಲು!

ಶೆಡ್ಡಿನ ಬೀಗದ ಕೈ ಅವನ ಬಳಿಯೇ ಇತ್ತು. ಶಿಲ್ಪಳನ್ನೂ ಕರೆದುಕೊಂಡು ಅವನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಬೈಯಲು ಬಾಯಿ ತೆರೆದವನು ಶಿಲ್ಪಳ ಸೆರಗಿನಲ್ಲಿದ್ದ ಟೋಪಿಗಳ ರಾಶಿ ಕಂಡು ನಿಂತ.

“ಎಳೆದು ನೋಡಿದ್ಯಾರವ್ವಾ?”

“ನಾನೇ ಕಣಣ್ಣ. ಎಳೀದೆ ಹಗ್ಗ ಕೊಟ್ರೆ ನಮ್ಮ ಸಂಘದಲ್ಲಿ ಮರ್ಯಾದಿ ಉಳೀತದಾ?”

ರಂಗರಾಜಣ್ಣ ಶೆಡ್ಡು ತೆರೆದು, ಹೊಸ ಟೋಪಿ ತೊಡಿಸಿ ಮಿಷನ್ನಿನಲ್ಲಿ ಒತ್ತಿದ. ತಂತಿಯೂ ಟೋಪಿಯೂ ಒಂದೇ ಮೈ! ಶಿಲ್ಪ ಒಂದೊಂದನ್ನೂ ಮೆಟ್ಟಿ ಜಗ್ಗಿದಳು, ಒಂದೂ ಮಿಸುಕಲಿಲ್ಲ. ಸೆರಗು ಬಿಗಿದು ನಿಂತ ಅವಳ ಗತ್ತಿಗೆ ಸೋತು, ಮನಸ್ಸಿನಲ್ಲೇ ಅವಳನ್ನು ಎರಡನೇ ಸಲ ಮದುವೆಯಾದೆ.

ಸೋಮವಾರ ಟ್ರಾಕ್ಟರು ಟ್ರೇಲರ್ ತುಂಬ ತೆಂಗಿನಕಾಯಿ ಹೊತ್ತು ಸದ್ದಿಲ್ಲದೆ ಬದು ಹತ್ತಿತು. ಇಂಜಿನ್ನಿನ ಗುಡುಗಿಗೆ ಕಿವಿಗೊಟ್ಟಿದ್ದ ಸದಾಶಿವಯ್ಯನವರು ಹಿಂದಿನಿಂದ ಕೂಗುತ್ತಲೇ ಇದ್ದರು: “ಇನ್ನಾದ್ರೂ ಸ್ಟಾರ್ಟ್ ಮಾಡ್ರಪ್ಪಾ!”

ಸಂಜೆ ಸಿಹಿ ಪೊಟ್ಟಣ ಹಿಡಿದು ಹಿತ್ತಲಿಗೆ ನುಗ್ಗಿದೆ. “ಖಾಯಂ ಆದೆ ಕಣೇ!”

ಒದ್ದೆ ಬಟ್ಟೆಯ ಬಕೆಟ್ ಕೆಳಗಿಟ್ಟು, ಶಿಲ್ಪ ನಾನು ಕಟ್ಟಿದ್ದ ಹಗ್ಗವನ್ನು ಒಮ್ಮೆ ಜಗ್ಗಿದಳು. ಅದು ಸಲೀಸಾಗಿ ಅವಳ ಕೈಗೆ ಬಂತು.

“ನೀವು ಖಾಯಂ ಆದ್ರಿ, ಸಂತೋಷ. ನಿಮ್ ಗಂಟು ಮಾತ್ರ ಇನ್ನೂ ‘ನೋಡೋಣ’ದಲ್ಲೇ ಐತೆ ಕಣ್ರೀ!”