ಹಗರೆಯ ಗಾಳಿಚೀಲ

"ಗಾಳಿ ಯಾವ ಕಡೆಯಿಂದ ಬತ್ತಾ ಐತೆ?"

ಈ ಪ್ರಶ್ನೆಯನ್ನು ಗಂಗಾಧರಯ್ಯ ಯಾರನ್ನೂ ಕೇಳಿದ್ದಲ್ಲ. ಬೆಳಗಿನ ಏಳು ಗಂಟೆಗೆ ಹಗರೆಯ ಗೋಮಾಳದ ನಡುವೆ, ಹೊಸದಾಗಿ ಹಾಕಿದ ಸಿಮೆಂಟಿನ ವೃತ್ತದ ಮೇಲೆ ಒಬ್ಬನೇ ನಿಂತು, ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ ಮೇಲಕ್ಕೆತ್ತಿ, ಆಕಾಶದ ಕಡೆ ನೋಡಿ ಅಂದುಕೊಂಡ ಮಾತು. ಆಕಾಶ ಉತ್ತರ ಕೊಡಲಿಲ್ಲ. ಆದರೆ ಹಗರೆಯಲ್ಲಿ ಯಾವ ಪ್ರಶ್ನೆಯೂ ಉತ್ತರವಿಲ್ಲದೆ ಅನಾಥವಾಗುವುದಿಲ್ಲ. ರಸ್ತೆಯಲ್ಲಿ ಡೈರಿಗೆ ಹಾಲು ಹಾಕಲು ಹೊರಟಿದ್ದ ಚನ್ನಪ್ಪ ಮೊಪೆಡ್ ನಿಲ್ಲಿಸಿದ.

"ವಾರದಿಂದ ಗಾಳೀನೇ ಇಲ್ಲ ಕಣ್ಲಾ ಗಂಗ. ಇದ್ದಿದ್ರೆ ಊರೋರ ರಾಗಿ ಇಷ್ಟೊತ್ತಿಗೆ ತೂರಿ ಚೀಲ ಸೇರ್ತಿತ್ತು. ನಿಂಗ್ಯಾಕೆ ಗಾಳಿ? ನೀನೇನು ರಾಗಿ ಬೆಳ್ದಿದ್ದೀಯಾ?"

"ಹೆಲಿಕಾಪ್ಟರಿಗೆ ಬೇಕು ಕಣಣ್ಣ. ಅದು ಗಾಳಿಗೆ ಮುಖ ಕೊಟ್ಟೇ ಇಳೀಬೇಕು. ಬೆನ್ನು ಕೊಟ್ರೆ ಅಪಾಯ."

"ನಮ್ಮ ಎಮ್ಮೆನೂ ಅಷ್ಟೆ, ಗಾಳಿಗೆ ಮುಖ ಕೊಟ್ಟೇ ಮಲಗೋದು. ಅದಕ್ಕೆ ಯಾರೂ ಬೆರಳು ಎತ್ತಿ ತೋರ್ಸಲ್ಲಪ್ಪ," ಎಂದು ಚನ್ನಪ್ಪ ಮೊಪೆಡ್ ಎಬ್ಬಿಸಿದ. ಹೋಗುತ್ತಾ ತನ್ನ ಹಳೆಯ ಮಾತನ್ನೂ ಎಸೆದು ಹೋದ. "ಆಲೂಗಡ್ಡೆ ಸುಲಿಯೋರಿಗೆಲ್ಲ ಯಾವಾಗ ಕಲಿಸಿದ್ರೋ ಇದನ್ನ."

ಆ ಮಾತೇ ಗಂಗಾಧರಯ್ಯನ ಎದೆಯಲ್ಲಿ ಎಂಟು ವರ್ಷದಿಂದ ಕಳ್ಳಿಮುಳ್ಳಿನ ಹಾಗೆ ಮುರಿದುಕೊಂಡಿತ್ತು. ಅವನು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದವನು; ಅಲ್ಲಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದು ಬಂದ ಎಂಬುದು ಚನ್ನಪ್ಪನ ವಾದ. ನಿಜದಲ್ಲಿ ಅವನಿದ್ದ ಜಾಗ ಬೇರೆ. ಉತ್ತರದ ಒಂದು ವಿಮಾನ ನೆಲೆಯಲ್ಲಿ, ರನ್‌ವೇಯ ತುದಿಗೆ ಒಂದು ಗಾಜಿನ ಗೂಡು. ಅದರೊಳಗೆ ದುರ್ಬೀನು ಹಿಡಿದು ಕೂರುವುದು ಅವನ ಕೆಲಸ. ಇಳಿಯಲು ಬರುವ ವಿಮಾನದ ಚಕ್ರ ಕೆಳಗೆ ಬಂದಿದೆಯೇ, ದಾರಿಯಲ್ಲಿ ನಾಯಿ ನರಿ ಇದೆಯೇ ನೋಡಬೇಕು. ಎಲ್ಲ ಸರಿಯಿದ್ದರೆ ಸುಮ್ಮನಿರಬೇಕು. ತಪ್ಪಿದ್ದರೆ ಕೆಂಪು ಬೆಳಕಿನ ಬಾಣ ಹಾರಿಸಬೇಕು. "ಬಾ, ಇಳಿ" ಅನ್ನುವ ಮಾತು ದೂರದ ಟವರಿನವರದು. "ಬೇಡ" ಅನ್ನುವುದಷ್ಟೇ ಗೂಡಿನವನದು. ಇಪ್ಪತ್ತು ವರ್ಷದಲ್ಲಿ ಆರು ಸಲ "ಬೇಡ" ಅಂದಿದ್ದ. ಮದುವೆಮನೆಯ ಬಾಗಿಲಲ್ಲಿ ನಿಂತು ಒಬ್ಬರನ್ನೂ ಒಳಗೆ ಕರೆಯದೆ ಬರೀ ತಡೆದವನ ಪಾಡು ಅವನದು.

ಇವತ್ತು ಆ ಕೊರತೆ ತೀರುವ ದಿನ. ಬೇಲೂರು ಹಳೇಬೀಡು ನೋಡಲು ಬರುವ ದೊಡ್ಡವರಿಗೆಂದು ಈ ಹೆಲಿಪ್ಯಾಡು ಕಟ್ಟಿದ್ದರು. ಹತ್ತೂವರೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ಒಂದು ಸಲ ಇಳಿದು ಪರೀಕ್ಷೆ ಮಾಡಲಿತ್ತು. ಕಂದಾಯ ಇಲಾಖೆಯ ಅರುಣ್‌ಕುಮಾರ್ ಒಂದು ಕಾಗದ ತಂದು ತೋರಿಸಿದ್ದ. ಅದರಲ್ಲಿ "ಹೆಲಿಪ್ಯಾಡಿನ ಉಸ್ತುವಾರಿ" ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟಿತ್ತು.

"ಇಳಿದೋರು ಯಾರನ್ನ ಸೂಚಿಸ್ತಾರೋ ಅವರ ಹೆಸರು ಬರೀತೀವಿ ಗಂಗಾಧರಯ್ನೋರೇ. ನಿಮ್ಮನ್ನ ಬಿಟ್ರೆ ಈ ಊರಲ್ಲಿ ಬೇರೆ ಯಾರಿದಾರೆ ಹೇಳಿ," ಎಂದಿದ್ದ.

ಆ ಖಾಲಿ ಜಾಗದಲ್ಲಿ ತನ್ನ ಹೆಸರು ಬೀಳಲೇಬೇಕು ಎಂದು ಗಂಗಾಧರಯ್ಯ ದೇವರ ಮುಂದೆ ಮೂರು ಕಡ್ಡಿ ಊದುಬತ್ತಿ ಹಚ್ಚಿ ನಿರ್ಧರಿಸಿದ್ದ. ಹಸಿರು ಬಾವುಟ, ಕೆಂಪು ಬಾವುಟ ಎರಡನ್ನೂ ಹೊಲಿಸಿದ್ದವನು, ಬೆಳಿಗ್ಗೆ ಹೊರಡುವಾಗ ಕೆಂಪನ್ನು ಟ್ರಂಕಿನ ತಳಕ್ಕೆ ತಳ್ಳಿ ಬೀಗ ಹಾಕಿದ. ಇವತ್ತು "ಬೇಡ" ಎಂಬ ಮಾತಿಲ್ಲ. ಇವತ್ತು "ಬಾ" ಒಂದೇ.

ಕೊರತೆಯಿದ್ದುದು ಗಾಳಿಚೀಲ. ಗಾಳಿ ಎತ್ತಲಿಂದ ಎಷ್ಟು ಜೋರಾಗಿ ಬೀಸುತ್ತಿದೆ ಎಂದು ಮೇಲಿನವರಿಗೆ ತೋರಿಸುವ, ಎರಡೂ ಕಡೆ ಬಾಯಿರುವ ಬಟ್ಟೆಯ ಕೊಳವೆ ಅದು. ಆಫೀಸಿನವರು ಕಂಬ ಕಳಿಸಿದ್ದರು, ತುದಿಗೆ ಕಬ್ಬಿಣದ ಬಳೆ ಕಳಿಸಿದ್ದರು, ಹಗ್ಗ ಕಳಿಸಿದ್ದರು. ಚೀಲ ಕಳಿಸಿರಲಿಲ್ಲ. ಗಂಗಾಧರಯ್ಯ ಬಟ್ಟೆ ಹುಡುಕಲು ಮನೆಗೆ ಓಡಿದ. ಹೆಂಡತಿ ವೆಂಕಟಲಕ್ಷ್ಮಮ್ಮ ಕೊಟ್ಟಿಗೆಯಲ್ಲಿದ್ದಳು. ಹಿತ್ತಲಿನ ತಂತಿಯ ಮೇಲೆ ಅವಳ ಹೊಸ ಕೆಂಪು ಲಂಗ ಒಣಗುತ್ತಿತ್ತು. ಅವನು ನೋಡಿದ. ಮೇಲೊಂದು ಬಾಯಿ, ಕೆಳಗೊಂದು ಬಾಯಿ, ಬಳೆಗೆ ಕಟ್ಟಲು ಲಾಡಿ ಕೂಡ ಆಗಲೇ ಪೋಣಿಸಿತ್ತು. ಲಂಗವೆಂಬ ವಸ್ತುವನ್ನು ಹೊಲಿದವನು ಹೆಲಿಕಾಪ್ಟರನ್ನು ನೆನೆದುಕೊಂಡೇ ಹೊಲಿದಂತಿತ್ತು.

ಒಂಬತ್ತರ ಹೊತ್ತಿಗೆ ಲಂಗ ಕಂಬದ ತುದಿಯಲ್ಲಿ ಒದ್ದೆ ಬಾವಲಿಯಂತೆ ಜೋತುಬಿದ್ದಿತ್ತು. ನೋಡಲು ಊರು ಬಂದು ಸೇರಿತ್ತು. ಗಂಗಾಧರಯ್ಯ ವೃತ್ತದ ಸುತ್ತ ಸುಣ್ಣದ ಗೆರೆ ಎಳೆದ.

"ಈ ಗೆರೆ ದಾಟೋಕೆ ಮುಂಚೆ ಎಲ್ರೂ 'ಬರಬಹುದಾ' ಅಂತ ಕೇಳ್ಬೇಕು. ನಾನು ಹೂಂ ಅಂದ್ರೆ ಮಾತ್ರ ಕಾಲಿಡ್ಬೇಕು. ನಮ್ಮ ನೆಲೇಲಿ ದೊಡ್ಡ ಸಾಹೇಬರೂ ಹಂಗೇ ಕೇಳ್ತಿದ್ರು."

"ಕೇಳ್ತೀವಿ ಬಿಡಪ್ಪ, ಕೇಳೋಕೇನು," ಎಂದಳು ಪಕ್ಕದ ಮನೆಯ ಕೆಂಪಲಕ್ಷ್ಮಮ್ಮ. ಎರಡು ತಿಂಗಳಿಂದ ಆ ಸಿಮೆಂಟಿನ ಮೇಲೆ ಊರಿನವರ ರಾಗಿ ಹುರುಳಿ ಎಲ್ಲ ಹರಡಿಕೊಂಡಿದ್ದವು. ಅಷ್ಟು ನುಣುಪಾದ ಕಣವನ್ನು ಸರ್ಕಾರ ಇನ್ಯಾತಕ್ಕೆ ಮಾಡಿಸಿದೆ ಎಂದು ಯಾರೂ ವಿಚಾರಿಸಿರಲಿಲ್ಲ.

ಆಮೇಲೆ ಅವನು ಎಲ್ಲರನ್ನೂ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲಿಸಿದ. ವಿಮಾನ ಹಾರುವ ಮುಂಚೆ ನೆಲೆಯಲ್ಲಿ ಹೀಗೇ ಸಾಲು ನಡೆದು ಕಲ್ಲು, ಮೊಳೆ, ಕಸ ಆಯುತ್ತಾರೆ. ಒಂದು ಹರಳು ಹಾರಿ ಎಂಜಿನ್ನಿಗೆ ಬಿದ್ದರೂ ಕೆಟ್ಟಿತು. ಊರು ಬಗ್ಗಿ ನಡೆಯಿತು. ಹದಿನೇಳು ಹರಳು, ಎರಡು ಮೊಳೆ, ಒಂದು ಲಾಳ ಸಿಕ್ಕವು. ಕೊನೆಗೆ ಕೆಂಪಲಕ್ಷ್ಮಮ್ಮ ಏನನ್ನೋ ಹಿಡಿದು ಬಿಸಿಲಿಗೆ ತೋರಿಸಿದಳು. ಅವಳ ಓಲೆಯ ತಿರುಪು.

"ಅಯ್ಯೋ ಶಿವನೆ, ಮೂರು ವಾರದಿಂದ ಸೊಸೆ ಮೇಲೆ ಹಾಕಿದ್ದೆ ಇದನ್ನ," ಎಂದಳು.

"ಈಗ ಏನು ಹೇಳ್ತೀಯಕ್ಕ ಅವಳಿಗೆ?" ಗಂಗಾಧರಯ್ಯ ಕೇಳಿದ.

"ಏನು ಹೇಳೋದು? ಸಿಕ್ತು ಅಂತ ಹೇಳಲ್ಲ."

ಹತ್ತು ಗಂಟೆಗೆ ಹೆಲಿಪ್ಯಾಡು ತೊಳೆದ ತಟ್ಟೆಯಂತಿತ್ತು. ಅರುಣ್‌ಕುಮಾರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, "ಹೊರಟಿದೆಯಂತೆ, ಫೋನ್ ಬಂತು," ಎಂದ. ಅದೇ ಗಳಿಗೆಗೆ, ವಾರದಿಂದ ಎಲ್ಲಿ ಅಡಗಿತ್ತೋ, ಗಾಳಿ ಬಂತು. ಲಂಗ ಮೆಲ್ಲಗೆ ಉಸಿರು ತುಂಬಿಕೊಂಡಿತು, ಅಲುಗಿತು, ಕೊನೆಗೆ ಮೂಡಲ ದಿಕ್ಕಿನ ಗಾಳಿಯನ್ನೆಲ್ಲ ಕುಡಿದು ಪಡುವಣಕ್ಕೆ ಉದ್ದಕ್ಕೆ ಚಾಚಿ ನಿಂತಿತು. ಗಂಗಾಧರಯ್ಯನ ಕಣ್ಣು ಒದ್ದೆಯಾಯಿತು.

ಅದನ್ನು ನೋಡಿದ್ದು ಅವನೊಬ್ಬನೇ ಅಲ್ಲ. ಬಡಿದು ಗೋಮಾಳದ ಅಂಚಿನಲ್ಲಿ ಗುಡ್ಡೆ ಹಾಕಿದ್ದ ರಾಗಿ ವಾರದಿಂದ ಕಾದು ಕೂತಿತ್ತು. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಬಂದ ಗಾಳಿ ಹೇಳಿ ಹೋಗುವುದಿಲ್ಲ. ಕೆಂಪಲಕ್ಷ್ಮಮ್ಮನ ಹಿಂದೆ ಆರು ಹೆಂಗಸರು ಮೊರ, ಟಾರ್ಪಾಲು, ರಾಗಿ ಮಂಕರಿ ಹೊತ್ತು ಸುಣ್ಣದ ಗೆರೆಗೆ ಬಂದು ನಿಂತರು.

"ಬರಬಹುದಾ?" ಎಂದರು ಒಟ್ಟಿಗೆ.

"ಇಲ್ಲ," ಎಂದ ಗಂಗಾಧರಯ್ಯ.

ಎಲ್ಲರೂ ಒಳಗೆ ಬಂದರು.

"ಅಕ್ಕ, ಇಲ್ಲ ಅಂದ್ನಲ್ಲ."

"ಕೇಳಿದ್ವಲ್ಲಪ್ಪ," ಎಂದಳು ಕೆಂಪಲಕ್ಷ್ಮಮ್ಮ, ಟಾರ್ಪಾಲು ಹಾಸುತ್ತಾ. ಹಗರೆಯಲ್ಲಿ ಕೇಳುವುದು ಮರ್ಯಾದೆ. ಉತ್ತರಕ್ಕೆ ಕಾಯುವುದು ಆ ಮರ್ಯಾದೆಯೊಳಗೆ ಸೇರಿದ್ದಲ್ಲ. ನೆಂಟರ ಮನೆಯಲ್ಲಿ "ಇನ್ನೊಂದು ಮುದ್ದೆ ಹಾಕ್ಲಾ" ಎಂದು ಕೇಳುವವರು "ಬೇಡ" ಎಂಬ ಮಾತು ಮುಗಿಯುವ ಮುಂಚೆಯೇ ಹಾಕಿರುತ್ತಾರೆ.

"ಹೆಲಿಕಾಪ್ಟರ್ ಬತ್ತಾ ಐತೆ ಕಣಕ್ಕ."

"ಬರ್ಲಿ. ಅದಕ್ಕೆ ಪೆಟ್ರೋಲ್ ಐತೆ, ಒಂದು ಗಳಿಗೆ ಕಾಯ್ತದೆ. ಗಾಳಿ ಕಾಯ್ತದಾ? ಹರಳು ಆರಿಸಿ ಕಣ ಮಾಡ್ಕೊಟ್ಟೋನು ನೀನು, ಗಾಳಿಗೆ ಬಾವುಟ ಕಟ್ಟಿದೋನು ನೀನು. ಈಗ ತೂರಬೇಡಿ ಅಂತೀಯ."

ಮೊರಗಳು ಮೇಲೆದ್ದವು. ಹೊಟ್ಟು ಹಾರಿತು. ಗಂಗಾಧರಯ್ಯ ಒಬ್ಬಳ ಮೊರ ಹಿಡಿದರೆ ಇನ್ನೊಬ್ಬಳು ತೂರುತ್ತಿದ್ದಳು. ಅರುಣ್‌ಕುಮಾರ್ ಗೆರೆಯಾಚೆ ನಿಂತು "ಸರ್ಕಾರಿ ಜಾಗ, ಸರ್ಕಾರಿ ಜಾಗ" ಎಂದು ಜಪ ಮಾಡುತ್ತಿದ್ದ. ಅಷ್ಟರಲ್ಲಿ ಹಾಸನದ ದಿಕ್ಕಿನಿಂದ ದೂರದಲ್ಲಿ ಯಾರೋ ಕಂಬಳಿ ಕೊಡವಿದಂಥ ಸದ್ದು ಕೇಳಿಸಿತು.

ಗಂಗಾಧರಯ್ಯನ ಕೈ ತಾನಾಗಿ ಕೆಂಪು ಬಾವುಟಕ್ಕಾಗಿ ಸೊಂಟ ತಡಕಿತು. ಕೆಂಪು ಬಾವುಟ ಟ್ರಂಕಿನ ತಳದಲ್ಲಿತ್ತು, ಬೀಗದ ಕೈ ಅವನ ಉಡುದಾರದಲ್ಲಿತ್ತು. ಕೈಯಲ್ಲಿದ್ದುದು ಹಸಿರು. ಅದನ್ನೇ ಬೀಸಿ ಬೀಸಿ ಕೋಳಿ ಅಟ್ಟಿದ ಹಾಗೆ ಹೆಂಗಸರನ್ನು ಅಟ್ಟತೊಡಗಿದ. "ಹೋಗಿ, ಹೋಗಿ," ಎಂದು ಅವನ ಬಾಯಿ ಹೇಳುತ್ತಿತ್ತು. ಮೇಲಿನಿಂದ ನೋಡುವವರಿಗೆ ಬಾಯಿ ಕೇಳಿಸುವುದಿಲ್ಲ. ಬಾವುಟ ಮಾತ್ರ ಕಾಣುತ್ತದೆ. ಅದು "ಬಾ ಬಾ" ಎನ್ನುತ್ತಿತ್ತು.

ಇದೇ ಹೊತ್ತಿಗೆ ವೆಂಕಟಲಕ್ಷ್ಮಮ್ಮ ಬಂದಳು. ಅರಸೀಕೆರೆಯಲ್ಲಿ ತಂಗಿಯ ಮಗಳ ಲಗ್ನಪತ್ರಿಕೆ ಶಾಸ್ತ್ರ. ಹನ್ನೊಂದರ ಬಸ್ಸು ಹಿಡಿಯಬೇಕು. ಕೆಂಪು ಸೀರೆಗೆ ಕೆಂಪು ಲಂಗ ಬೇಕು. ಮನೆಯೆಲ್ಲ ಹುಡುಕಿ ಬೇಸತ್ತು ಬೀದಿಗೆ ಬಂದರೆ, ಅದು ಊರ ನೆತ್ತಿಯ ಮೇಲೆ ಹಾರುತ್ತಿತ್ತು. ಅವಳು ನೇರ ಕಂಬಕ್ಕೆ ನಡೆದು, ಹಗ್ಗ ಇಳಿಸಿ, ಲಾಡಿ ಬಿಚ್ಚಿದಳು. ಒಳಗೆಲ್ಲ ರಾಗಿಹೊಟ್ಟು. ಉಟ್ಟರೆ ಅರಸೀಕೆರೆ ತನಕ ತುರಿಕೆ. ಒಗೆದ ಬಟ್ಟೆ ಮಡಿಸುವ ಮುಂಚೆ ಯಾವ ಹೆಂಗಸಾದರೂ ಮಾಡುವ ಹಾಗೆ ಎರಡು ಕೈಯಲ್ಲಿ ಹಿಡಿದು ತಲೆಯ ಮೇಲೆತ್ತಿ ಕೊಡವಿದಳು. ಫಟ್. ಫಟ್. ಫಟ್.

ತೆಂಗಿನ ಮರಗಳ ಎತ್ತರಕ್ಕೆ ಇಳಿದಿದ್ದ ಹೆಲಿಕಾಪ್ಟರ್ ಒಮ್ಮೆ ಮೂಗೆತ್ತಿತು. ಒಂದು ಕ್ಷಣ ಅಲ್ಲೇ ತೂಗಾಡಿ, ಗುಡುಗುತ್ತಾ ಮೇಲೇರಿ ಹಳೇಬೀಡಿನ ಕೆರೆಯ ಕಡೆ ತಿರುಗಿಕೊಂಡಿತು.

ಆ ಒಂದು ಕ್ಷಣದ ಗಾಳಿ ವಾರದ ಗಾಳಿಗೆ ಬಡ್ಡಿ ಸೇರಿಸಿ ಕೊಟ್ಟಂತಿತ್ತು. ಕಣ್ಣು ಬಿಟ್ಟು ನೋಡಿದರೆ ಹೊಟ್ಟೆಲ್ಲ ಹಾರಿಹೋಗಿತ್ತು. ಟಾರ್ಪಾಲಿನ ಮೇಲೆ ಬರೀ ರಾಗಿ, ಹವಳದ ಪುಡಿಯಂತೆ ಮಿರುಗುತ್ತಿತ್ತು. ಹೊಟ್ಟು ಹೋಗಿ ಎಲ್ಲಿ ಕೂತಿತು ಎಂದರೆ ಅರುಣ್‌ಕುಮಾರನ ಮೇಲೆ. ಅವನು ಹಿಟ್ಟಿನಲ್ಲಿ ಹೊರಳಿಸಿಟ್ಟ ಕಡುಬಿನಂತೆ ಕಣ್ಣು ಮಾತ್ರ ಪಿಳುಕಿಸುತ್ತಿದ್ದ.

"ಮೂರು ದಿನದ ಕೆಲಸ ಒಂದೇ ಗಳಿಗೇಲಿ ಆಯ್ತು," ಎಂದಳು ಕೆಂಪಲಕ್ಷ್ಮಮ್ಮ ಭಕ್ತಿಯಿಂದ. "ಎತ್ರಮ್ಮಿ, ಟಾರ್ಪಾಲು ಸುತ್ತಿ. ಗಂಗಣ್ಣಂಗೆ ತೊಂದ್ರೆ ಕೊಡಬಾರ್ದು."

ಹೆಲಿಕಾಪ್ಟರ್ ಇನ್ನೊಂದು ಸುತ್ತು ಹಾಕಿ ಬರುವಷ್ಟರಲ್ಲಿ ಪ್ಯಾಡು ಖಾಲಿಯಾಗಿತ್ತು. ಅದು ಹೂವಿನಂತೆ ಇಳಿಯಿತು. ಗಂಗಾಧರಯ್ಯ ಎದೆ ಸೆಟೆಸಿ ಸೆಲ್ಯೂಟ್ ಹೊಡೆದು ನಿಂತ. ಹಿಂದೆ ಚನ್ನಪ್ಪ ಖಾಲಿ ಹಾಲಿನ ಕ್ಯಾನಿನೊಂದಿಗೆ ಬಂದು ನಿಂತಿದ್ದು ಅವನಿಗೆ ಗೊತ್ತಿತ್ತು. ಅವನೂ ನೋಡಲಿ.

ಇಳಿದ ಅಧಿಕಾರಿ ಎಳೆಯ ವಯಸ್ಸಿನವನು. ಗಂಗಾಧರಯ್ಯನ ಪಕ್ಕದಿಂದ ನಡೆದು ಹೋಗಿ, ಲಂಗ ಮಡಿಸುತ್ತಿದ್ದ ವೆಂಕಟಲಕ್ಷ್ಮಮ್ಮನ ಮುಂದೆ ನಿಂತು ಸೆಲ್ಯೂಟ್ ಹೊಡೆದ. ಹಿಂದಿಯಲ್ಲಿ ಏನೋ ಹೇಳಿದ. ಅರುಣ್‌ಕುಮಾರನಿಗೆ ಹಿಂದಿ ಬಾರದು.

"ಗಂಗಾಧರಯ್ನೋರೇ, ನಿಮಗೆ ಬರುತ್ತಲ್ಲ, ಏನಂತಾರೆ ಹೇಳಿ," ಎಂದ, ಪೆನ್ನು ತೆಗೆದು.

ನೆಲೆಯಲ್ಲಿ ಅವನು ಕಲಿತ ಮೊದಲ ಪಾಠ ಒಂದಿತ್ತು. ಫೋನಿನಲ್ಲಿ ಕೇಳಿದ ಮಾತನ್ನು ಕೇಳಿದ ಹಾಗೇ ತಿರುಗಿ ಹೇಳಬೇಕು. ಒಂದಕ್ಷರ ಕೂಡಿಸಬಾರದು, ಒಂದಕ್ಷರ ಕಳೆಯಬಾರದು. ಅಲ್ಲಿ ಅದು ಪ್ರಾಣದ ಮಾತು. ಗಂಗಾಧರಯ್ಯ ಗಂಟಲು ಸರಿಮಾಡಿಕೊಂಡ.

"ಈ ತಾಯಿ ಸರಿಯಾದ ಹೊತ್ತಿಗೆ ಕೆಂಪು ತೋರಿಸದಿದ್ರೆ ನಾವು ಜನರ ಮೇಲೆ ಇಳೀತಿದ್ವಿ, ಅಂತಾರೆ."

"ಹೂಂ."

"ಕೆಂಪು ಮೂರು ಮೈಲಿ ದೂರಕ್ಕೂ ಕಾಣೋ ಹಂಗಿತ್ತು. ಗಾಳಿ ತೋರಿಸೋದನ್ನ ಇಳಿಸಿ ಎಚ್ಚರಿಕೆ ಕೊಡೋ ಬುದ್ಧಿ ಇವರಿಗೆ ಹೊಳೆದದ್ದು ದೊಡ್ಡದು. ಜಾಗ ಪಾಸಾಗಿದೆ. ಉಸ್ತುವಾರಿಗೆ ಇವರನ್ನೇ ಇಡಿ, ಅಂತಾರೆ."

ಅಧಿಕಾರಿ ಇನ್ನೂ ಒಂದು ಮಾತು ಹೇಳಿದ.

"ಇನ್ನೇನಂದ್ರು?" ಅರುಣ್‌ಕುಮಾರ್ ಕೇಳಿದ.

ಗಂಗಾಧರಯ್ಯ ಕಂಬದ ತುದಿಯ ಖಾಲಿ ಬಳೆಯನ್ನು ನೋಡಿದ. "ಜನರ ನಡುವೆ ನಿಂತು ಹಸಿರು ಬೀಸ್ತಿದ್ದ ಆ ಮನುಷ್ಯನ್ನ ಯಾವ ಕಾರಣಕ್ಕೂ ಈ ಗೆರೆಯೊಳಗೆ ಬಿಡಬೇಡಿ, ಅಂತಾರೆ."

ಅರುಣ್‌ಕುಮಾರ್ ಕಾಗದದ ಮೇಲಿನ ಹೊಟ್ಟು ಊದಿ, ಖಾಲಿ ಜಾಗದಲ್ಲಿ "ವೆಂಕಟಲಕ್ಷ್ಮಮ್ಮ" ಎಂದು ಬರೆದ.

"ಏನು ಕೆಲಸ ಇದರಲ್ಲಿ?" ಎಂದಳು ಅವಳು.

"ಅಪ್ಪಣೆ ಇಲ್ಲದೆ ಯಾರೂ ಒಳಗೆ ಬರದ ಹಾಗೆ ನೋಡ್ಕೊಳ್ಳೋದಮ್ಮ."

"ಅಷ್ಟೇನಾ? ಅದನ್ನ ಅಡುಗೆಮನೆ ಬಾಗ್ಲಲ್ಲಿ ಮದುವೆ ಆದಾಗಿಂದ ಮಾಡ್ತಾ ಇದ್ದೀನಿ."

ಹೆಲಿಕಾಪ್ಟರ್ ಹೋಯಿತು. ಹನ್ನೊಂದರ ಬಸ್ಸೂ ಹೋಯಿತು. ವೆಂಕಟಲಕ್ಷ್ಮಮ್ಮ ಮಡಿಸಿದ ಲಂಗವನ್ನು ಕಂಕುಳಲ್ಲಿ ಇಟ್ಟುಕೊಂಡು, ಮುಂದಿನ ಬಸ್ಸಿಗೆ ಹೊತ್ತಿದೆ ಎಂದು ಪ್ಯಾಡಿನ ಅಂಚಿನಲ್ಲಿ ಕಾಗದ ಓದುತ್ತಾ ಕುಳಿತಳು. ಹೆಲಿಕಾಪ್ಟರ್ ಏಳುವಾಗಿನ ಗಾಳಿಗೆ ಕೈಜಾರಿದ ಗಂಗಾಧರಯ್ಯನ ಹಸಿರು ಬಾವುಟ ವೃತ್ತದ ನಟ್ಟನಡುವೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಅವನು ಗೆರೆಯ ತನಕ ಬಂದು, ತಾನೇ ಮಾಡಿದ ನಿಯಮ ನೆನಪಾಗಿ ನಿಂತ.

"ಲೇ, ಬಾವುಟ ಒಳಗೆ ಉಳಿದದೆ. ಬರಬಹುದಾ?"

"ಕೇಳಿದ್ಯಲ್ಲ, ಸಾಕು, ಹೋಗಪ್ಪ," ಎಂದಳು ಹಿಂದಿನಿಂದ ಕೆಂಪಲಕ್ಷ್ಮಮ್ಮ.

ಗಂಗಾಧರಯ್ಯ ಧೈರ್ಯ ತಂದುಕೊಂಡು ಒಂದು ಕಾಲು ಎತ್ತಿದ.

ವೆಂಕಟಲಕ್ಷ್ಮಮ್ಮ ಕಾಗದದಿಂದ ತಲೆ ಎತ್ತಲಿಲ್ಲ.

"ಇಲ್ಲ," ಎಂದಳು.