ಕೂರಲೊಲ್ಲದ ಕಾಲು, ಕುದುರಬೇಕಾದ ಸಂಬಂಧ

ನಮ್ಮ ಮನೆತನದಲ್ಲಿ ಯಾರ ಮದುವೆ ಮಾತುಕತೆಯಾದರೂ ವಕ್ತಾರಳಾಗಿ ಮುಂದೆ ಕೂರುವವಳು ನಾನು. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಮಾತಿನಲ್ಲಿ ನನ್ನನ್ನು ಸೋಲಿಸುವವರು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಹಾಗಾಗಿ ನನ್ನ ಮೈದುನನ ಮಗಳು ಸುಮಾಳ ಮದುವೆ ಮಾತಾಡಲು ಕಾಮಸಮುದ್ರದಿಂದ ಗಂಡಿನ ಕಡೆಯವರು ಕೆಜಿಎಫ್‌ನ ನಮ್ಮ ಮನೆಗೇ ಬರುತ್ತಾರೆಂದು ಗೊತ್ತಾದಾಗ, "ನೀವೆಲ್ಲ ಸುಮ್ಮನೆ ಕೂತಿರಿ, ಉಳಿದದ್ದು ನನಗೆ ಬಿಡಿ" ಎಂದು ಅಪ್ಪಣೆ ಕೊಡಿಸಿದೆ.

ಎಲ್ಲರೂ ಸುಮ್ಮನೆ ಕೂತರು. ಕೂರಲಾಗದೆ ಹೋದವಳು ನಾನೊಬ್ಬಳೇ!

ಇಲ್ಲಿ ನನ್ನ ಕಾಲಿನ ವಿಷಯವನ್ನು ಹೇಳಲೇಬೇಕು. ಸುಮಾರು ಒಂದು ವರ್ಷದಿಂದ ಸಂಜೆ ಕೂತರೆ ಸಾಕು, ಮೊಣಕಾಲಿನ ಕೆಳಗೆ, ಮೂಳೆಯ ಒಳಗಡೆ ಏನೋ ಹರಿದಾಡಿದಂತಾಗುತ್ತಿತ್ತು. ನೋವಲ್ಲ, ತುರಿಕೆಯಲ್ಲ, ಜೋಮೂ ಅಲ್ಲ. ಕಾಲು ಆಡಿಸದಿದ್ದರೆ ಪ್ರಾಣ ಹೋಗುತ್ತದೆ ಎನ್ನುವಂಥ ಚಡಪಡಿಕೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾಯ. ಕೂತರೆ ಮತ್ತೆ ಹಾಜರು. ಮಲಗಿದರಂತೂ ಕೇಳಲೇಬೇಡಿ. ನಮ್ಮ ಯಜಮಾನರು ಶಿವಣ್ಣ, ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಯಂತ್ರಗಳ ನಡುವೆ ದುಡಿದವರು, ಒಂದು ಬೆಳಿಗ್ಗೆ ಗಂಭೀರವಾಗಿ ಹೇಳಿದರು:

"ಗಿರಿಜಾ, ನಮ್ಮ ಫ್ಯಾಕ್ಟರೀಲಿ ಇಷ್ಟು ಅದುರೋ ಮಷೀನಿದ್ರೆ ನೆಲಕ್ಕೆ ಬೋಲ್ಟ್ ಹಾಕ್ತಿದ್ವಿ."

ಡಾಕ್ಟರ ಹತ್ತಿರ ಹೋಗೋಣವೆಂದರೆ ಏನೆಂದು ಹೇಳುವುದು? ಪಕ್ಕದ ಮನೆಯ ಮುನಿರತ್ನಮ್ಮ ಅಷ್ಟರಲ್ಲಿ ಕಾಯಿಲೆಯನ್ನು ಪತ್ತೆ ಹಚ್ಚಿಯಾಗಿತ್ತು.

"ಅದು ವಾಯು ಕಣಕ್ಕ. ಅಳ್ಳೆಣ್ಣೆ ಅಚ್ಚಿ, ಬಿಗಿಯಾಗಿ ಬಟ್ಟೆ ಕಟ್ಟು. ಎಲ್ಲಿಗ್ ಓಗ್ತದೆ ನೋಡಾನ!"

ಹರಳೆಣ್ಣೆ ಹಚ್ಚಿ ಎರಡೂ ಕಾಲಿಗೆ ಹಳೇ ಪಂಚೆ ಸುತ್ತಿದೆ. ವಾಯು ಎಲ್ಲಿಗೂ ಹೋಗಲಿಲ್ಲ. ನಾನು ಮಾತ್ರ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದೆ.

ಆಮೇಲೆ ನನ್ನದೇ ಆದ ಚಿಕಿತ್ಸಾ ಪದ್ಧತಿಯೊಂದನ್ನು ಜಾರಿಗೆ ತಂದೆ. ನಿದ್ದೆಗೆಟ್ಟ ಆಯಾಸ ಕಳೆಯಲು ಸಂಜೆ ಎರಡು ಲೋಟ ಗಟ್ಟಿ ಕಾಫಿ. ಕಾಫಿ ಕುಡಿದ ಮೇಲೆ ನಿದ್ದೆ ಬರಬೇಕಲ್ಲ, ಅದಕ್ಕೆ ರಾಬರ್ಟ್‌ಸನ್‌ಪೇಟೆಯ ಮೆಡಿಕಲ್ ಶಾಪಿನಿಂದ ತಂದ ಶೀತದ ಮಾತ್ರೆ. ಅದನ್ನು ನುಂಗಿದರೆ ತೂಕಡಿಕೆ ಬರುತ್ತದೆಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದರು. ತೂಕಡಿಕೆ ಬರುತ್ತಿತ್ತು, ನಿಜ. ತಲೆ ತೂಕಡಿಸುತ್ತಿತ್ತು, ಕಾಲು ಕುಣಿಯುತ್ತಿತ್ತು!

ಗಂಡಿನ ಕಡೆಯವರು ಬಂದದ್ದು ಸಂಜೆ ಐದೂವರೆಗೆ. ಹುಡುಗ ಮಂಜುನಾಥ, ಅವನ ಅಪ್ಪ ಮುನಿರಾಜಪ್ಪ, ಅಮ್ಮ, ಅಜ್ಜಿ ವೆಂಕಟಮ್ಮ, ಬಿಳಿ ಪಂಚೆಯ ದೊಡ್ಡಪ್ಪ. ಹುಡುಗ ಹುಡುಗಿ ಆಗಲೇ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹಿರಿಯರು ಎರಡು ಮಾತಾಡಿ ಹೂಂ ಎನ್ನುವುದೊಂದೇ ಬಾಕಿ. ಅಷ್ಟು ಸಣ್ಣ ಕೆಲಸ. ಆದರೂ ಕಾಲು ತಂಟೆ ಮಾಡಬಾರದೆಂದು ನಾನು ಮುಂಜಾಗ್ರತೆಯಾಗಿ ಎರಡು ಲೋಟ ಕಾಫಿಯನ್ನೂ ಒಂದು ಶೀತದ ಮಾತ್ರೆಯನ್ನೂ ಒಟ್ಟಿಗೇ ಸೇವಿಸಿ ಸನ್ನದ್ಧಳಾಗಿದ್ದೆ.

"ತಮ್ಮ ಆಗಮನದಿಂದ ನಮ್ಮ ಮನೆ ಪಾವನವಾಯಿತು" ಎಂದು ಶುರು ಮಾಡಿದೆ. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಮೂಳೆಯೊಳಗೆ ಮೆರವಣಿಗೆ ಹೊರಟಿತು. ಹಲ್ಲು ಕಚ್ಚಿದೆ. ಬೆರಳು ಮಡಚಿದೆ. ಆಗಲಿಲ್ಲ. ಎದ್ದು ನಿಂತೆ.

ಮರ್ಯಾದಸ್ಥ ಜನ. ಹೆಣ್ಣಿನ ದೊಡ್ಡಮ್ಮ ಎದ್ದರೆಂದು ಅವರೈವರೂ ಎದ್ದು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ನಾನೂ ಕೂತೆ. ಅವರೂ ಕೂತರು. ಎರಡು ನಿಮಿಷಕ್ಕೆ ಮತ್ತೆ ಎದ್ದೆ. ಮತ್ತೆ ಎಲ್ಲರೂ ಎದ್ದರು. ಮೂರನೇ ಸಲ ಅಜ್ಜಿ ಅರ್ಧಕ್ಕೆ ಎದ್ದು ಸೊಂಟ ಹಿಡಿದುಕೊಂಡರು. ನಾಲ್ಕನೇ ಸಲಕ್ಕೆ ಮುನಿರಾಜಪ್ಪನವರ ಮುಖ ಬದಲಾಗಿತ್ತು.

"ಯಾಕಮ್ಮ, ನಾವಿನ್ನ ಓಗೋದಾ?"

"ಛೆ ಛೆ, ಎಲ್ಲಾದರೂ ಉಂಟೇ!" ಎಂದು ನಾನು ಶಪಥ ಮಾಡಿ ಕೂತೆ. ಇನ್ನು ಏಳುವುದಿಲ್ಲ, ಟೀಪಾಯಿಯ ಕೆಳಗೆ ಗುಟ್ಟಾಗಿ ಕಾಲು ಚಾಚುತ್ತೇನೆ ಎಂದುಕೊಂಡು ಚಾಚಿದೆ. ಅದು ನೇರವಾಗಿ ಮುನಿರಾಜಪ್ಪನವರ ಪಾದಕ್ಕೆ ತಗುಲಿತು. ಅವರು ಬೆಚ್ಚಿ ಕಾಲೆಳೆದುಕೊಂಡರು. ಗಾಬರಿಯಲ್ಲಿ ನಾನೂ ಎಳೆದುಕೊಂಡೆ, ಆದರೆ ಕಾಲು ತಾನಾಗಿ ಇನ್ನೊಂದು ಸಲ ಒದೆಯಿತು. ಟೀಪಾಯಿ ಮಗುಚಿತು. ಬೋಂಡಾ, ಚಟ್ನಿ, ಕೇಸರಿಬಾತು ಸಕಲ ಪರಿವಾರದೊಡನೆ ದೊಡ್ಡಪ್ಪನವರ ಬಿಳಿ ಪಂಚೆಯನ್ನೇರಿದವು.

ಬಂದವರು "ಫೋನ್ ಮಾಡ್ತೀವಿ" ಎಂದು ಹೇಳಿ ಹೊರಟೇಹೋದರು. ರಾತ್ರಿಯಾದರೂ ಫೋನ್ ಬರಲಿಲ್ಲ.

ಸುಮಾ ಅಳಲಿಲ್ಲ, ಬೈಯಲಿಲ್ಲ. ಸುಮ್ಮನೆ ಪಾತ್ರೆ ತೊಳೆದಳು. ಇದನ್ನು ನಾನೇ ಸರಿಪಡಿಸಬೇಕೆಂದು ಮಾರನೆಯ ದಿನ ಮುನಿರಾಜಪ್ಪನವರಿಗೆ ನಾನೇ ಫೋನ್ ಮಾಡಿದೆ.

"ನಿನ್ನೆಯ ಘಟನೆಗೆ ಕ್ಷಮೆಯಿರಲಿ. ಆ ಹೊತ್ತಿನಲ್ಲಿ ನನ್ನ ಕಾಲುಗಳ ಒಳಗೆ ಇರುವೆಗಳು ಸಂಚರಿಸುತ್ತಿದ್ದವು."

ಆ ಕಡೆಯಿಂದ ಅವರು ಮೆಲ್ಲಗೆ ಕೇಳಿದರು: "ನಿಮ್ ಮನೇಲಿ ಇನ್ಯಾರಿಗಾನ ಇಂಗೆ ಇರುವೆ ಕಾಣುಸ್ತಾವಾ ಅಮ್ಮ?"

"ಇಲ್ಲ ಇಲ್ಲ, ನನಗೊಬ್ಬಳಿಗೇ!" ಎಂದೆ ಹೆಮ್ಮೆಯಿಂದ.

ಫೋನ್ ಇಟ್ಟ ಮೇಲೆ ಸುಮಾ ನನ್ನ ಮುಂದೆ ಬಂದು ನಿಂತಳು. "ದೊಡ್ಡಮ್ಮ, ನೀವಿನ್ನ ಬಾಯಿ ಬಿಡಬ್ಯಾಡ್ರಿ. ನಡೀರಿ, ಡಾಕ್ಟ್ರಿಗೆ ಕಾಲು ತೋರ್ಸಾನ."

ರಾಬರ್ಟ್‌ಸನ್‌ಪೇಟೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಲು ಆಡಿಸಲೇಬೇಕು ಅನ್ನಿಸುತ್ತದೆಯೇ? ಕೂತಾಗ, ಮಲಗಿದಾಗ ಶುರುವಾಗುತ್ತದೆಯೇ? ಎದ್ದು ಓಡಾಡಿದರೆ ಕಡಿಮೆಯೇ? ಸಂಜೆಯ ಮೇಲೆ ಹೆಚ್ಚೇ? ಎಲ್ಲಕ್ಕೂ ಹೌದು, ಹೌದು ಎನ್ನುತ್ತ ಹೋದೆ. ಕೊನೆಗೆ ನನ್ನ ಕಣ್ಣಲ್ಲಿ ನೀರೇ ಬಂತು. ಒಂದು ವರ್ಷದಿಂದ ಹೇಳಲು ಮಾತು ಸಿಗದೆ ಒದ್ದಾಡಿದ ಕನ್ನಡ ಮೇಡಂಗೆ ಈ ಹುಡುಗಿ ನಾಲ್ಕೇ ಪ್ರಶ್ನೆಯಲ್ಲಿ ಅರ್ಥ ಬಿಡಿಸಿದ್ದಳು!

"ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಂತಾರೆ ಮೇಡಂ. ಹುಚ್ಚೂ ಅಲ್ಲ, ನಾಟಕವೂ ಅಲ್ಲ. ತುಂಬಾ ಜನಕ್ಕಿರುತ್ತೆ, ಹೇಳ್ಕೊಳಲ್ಲ ಅಷ್ಟೇ. ಈಗ ಯಾವುದಾದರೂ ಮಾತ್ರೆ ತಗೋತಿದ್ದೀರಾ?"

"ಶೀತದ ಮಾತ್ರೆ."

"ಶೀತ ಇದೆಯಾ?"

"ಇಲ್ಲ. ನಿದ್ದೆಗೆ. ಕಾಫಿ ಕುಡಿದ ಮೇಲೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಿದ್ದೆ ತರಿಸುವ ಕೆಲವು ಶೀತದ ಮಾತ್ರೆಗಳು ಈ ತೊಂದರೆಯನ್ನು ಹೆಚ್ಚು ಮಾಡುತ್ತವಂತೆ. ಹಲವರಿಗೆ ಸಂಜೆಯ ಕಾಫಿಯೂ ಹಾಗೇ ಅಂತೆ. ಉರಿಯುವ ಒಲೆಗೆ ದಿನಾ ಸಂಜೆ ನಾನೇ ಸೀಮೆಎಣ್ಣೆ ಸುರಿಯುತ್ತಿದ್ದೆ!

ರಕ್ತ ಪರೀಕ್ಷೆಯಲ್ಲಿ ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ತಳ ಕಂಡಿದೆಯೆಂದು ಗೊತ್ತಾಯಿತು. ಕಬ್ಬಿಣದ ಮಾತ್ರೆ ಬರೆದರು. ನಿಂಬೆ ಶರಬತ್ತಿನ ಜೊತೆ ನುಂಗಬೇಕು, ಕಾಫಿ ಟೀ ಹತ್ತಿರ ಸುಳಿಯಬಾರದು. ಸಂಜೆ ಸ್ವಲ್ಪ ನಡಿಗೆ, ಮಲಗುವ ಮುನ್ನ ಮೀನಖಂಡ ಎಳೆಯುವ ವ್ಯಾಯಾಮ, ಬಿಸಿನೀರಿನಲ್ಲಿ ಕಾಲು. "ಒಂದೇ ದಿನಕ್ಕೆ ಹೋಗಲ್ಲ. ಆದರೆ ಹತೋಟಿಗೆ ಬರುತ್ತೆ" ಎಂದರು.

ಯಜಮಾನರು ವಿಷಯ ಕೇಳಿ, "ಚಿನ್ನದ ಗಣಿಯ ಊರಲ್ಲಿದ್ದುಕೊಂಡು ಕಬ್ಬಿಣಕ್ಕೆ ಗತಿಯಿಲ್ಲವಲ್ಲೇ!" ಎಂದರು.

ವರದಿಯನ್ನು ಚೀಲದಲ್ಲಿಟ್ಟುಕೊಂಡು ಆ ಭಾನುವಾರ ಬೆಳಿಗ್ಗೆಯೇ ಯಜಮಾನರೂ ನಾನೂ ಕಾಮಸಮುದ್ರದ ಬಸ್ಸು ಹತ್ತಿದೆವು. ಬೆಳಗಿನ ಹೊತ್ತು ನನ್ನ ಕಾಲುಗಳು ಸಭ್ಯವಾಗಿರುತ್ತವೆ. ಮುನಿರಾಜಪ್ಪನವರ ಮನೆಯ ಪಡಸಾಲೆಯಲ್ಲಿ ಕೂತು, ಈ ಸಲ ಪಾವನ ಗೀವನ ಎಲ್ಲ ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಂಜೆಯಾದರೆ ಬರುವುದು, ಕೂರಲಾಗದ್ದು, ಎದ್ದರೆ ಹೋಗುವುದು. ಅವರು ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನಂಬಿದಂತೆ ಕಾಣಲಿಲ್ಲ.

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ವೆಂಕಟಮ್ಮ ನನ್ನ ಹತ್ತಿರ ಬಂದು ಕೂತರು.

"ಒಳಗೊಳಗೇ ಅರೀತದಲ್ಲಮ್ಮ? ಉಜ್ಜಿದ್ರೂ ಓಗಲ್ಲ, ಒತ್ತಿದ್ರೂ ಓಗಲ್ಲ?"

"ಹೌದಜ್ಜಿ."

"ಮೂರು ಮಕ್ಳು ಉಟ್ಟಿದ್ಮೇಲಿಂದ ನಂಗೂ ಅಂಗೇ. ಒತ್ತು ಮುಳುಗಿದ್ರೆ ಇತ್ತಲಲ್ಲಿ ಓಡಾಡ್ತಿದ್ದೆ. ನಮ್ಮತ್ತೆ ಗಾಳಿ ಮೆಟ್ಕಂಡೈತೆ ಅಂತ ತಾಯತ ಕಟ್ಸಿದ್ರು. ಆಮ್ಯಾಕೆ ನಾನು ಯಾರ ತಾವೂ ಏಳ್ಳಿಲ್ಲ." ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಇದುಕ್ಕೂ ಒಂದು ಎಸ್ರೈತಾ ತಾಯಿ?" ಹೆಸರಿದೆ ಎಂದು ತಲೆಯಾಡಿಸಿದೆ.

ಮುನಿರಾಜಪ್ಪ ತಾಯಿಯ ಕಡೆ ತಿರುಗಿದರು. "ಅಮ್ಮ, ನಾನು ನಿಂಗೆ ನಿದ್ದೆ ಬರಲ್ಲ ಅಷ್ಟೇ ಅಂತ ಅಂದ್ಕಂಡಿದ್ದೆ" ಎಂದರು.

ಮದುವೆ ಮಾತು ಅಲ್ಲಿಯೇ ಮುಗಿಯಿತು. ಐದೇ ನಿಮಿಷ. ಅದೂ ಅಜ್ಜಿಯೇ ಮುಗಿಸಿದ್ದು: "ಈ ಯಮ್ಮನ ಮನೆ ಎಣ್ಮಗ್ಳೇ ಬೇಕು. ಓಗ್ರೋ, ದಿನ ನೋಡುಸ್ರೋ!" ಮರುವಾರ ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದೊಯ್ದವಳು ನಮ್ಮ ಸುಮಾ.

ಈಗ ನಾಲ್ಕು ತಿಂಗಳಾಯಿತು. ನನ್ನ ಕಾಲುಗಳು ವಾರದಲ್ಲಿ ಐದು ದಿನ ಶಾಂತವಾಗಿವೆ, ಎರಡು ದಿನ ಮುಷ್ಕರ ಹೂಡುತ್ತವೆ. ಅಷ್ಟಕ್ಕೇ ನಾನು ತಜ್ಞೆಯಾಗಿಬಿಟ್ಟಿದ್ದೇನೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರು ನಾರಾಯಣಪ್ಪ ಕೂತಲ್ಲೇ ಬಲಗಾಲನ್ನು ಒಂದೇ ಸಮನೆ ಒದರುತ್ತಿದ್ದರು. ನಾನು ಮೃದುವಾಗಿ ಅವರ ಪಕ್ಕ ಕೂತು, ಸಂಕೋಚ ಪಡಬೇಡಿ, ಇದು ಕಾಯಿಲೆ, ಇದಕ್ಕೆ ಹೆಸರಿದೆ, ಪರಿಹಾರವೂ ಇದೆ ಎಂದು ಹದಿನೈದು ನಿಮಿಷ ಧೈರ್ಯ ತುಂಬಿದೆ. ಅವರು ವಿನಯದಿಂದ ಪೂರ್ತಿ ಕೇಳಿಸಿಕೊಂಡರು.

"ಸರಿ ಮೇಡಂ" ಎಂದು ಬಗ್ಗಿ ಶೂ ಬಿಚ್ಚಿದರು. "ಆದ್ರೆ ಈಗ ಒಳಗೊಂದು ಕಲ್ಲು ಸಿಕ್ಕಾಕ್ಕೊಂಡೈತೆ."