ಗೋಡೆ ಒಡೆದು ಹೋದ ಮಹನೀಯರಿಗೆ

ಮಾನ್ಯ ನಲ್ಲಿ ರಿಪೇರಿಯವರೇ,

ತಾವೂ ತಮ್ಮ ಸುತ್ತಿಗೆಯೂ ಕ್ಷೇಮದಿಂದಿರುವಿರೆಂದು ನಂಬಿದ್ದೇನೆ. ತಮ್ಮ ಫೋನಿಗೆ ಮಾತ್ರ ಬಹಳ ದಿನಗಳಿಂದ ಆರೋಗ್ಯ ಸರಿಯಿಲ್ಲದಂತೆ ಕಾಣುವುದರಿಂದ ಈ ಪತ್ರವನ್ನು ಬರೆದು, ದಾರಿಹೋಕರೆಲ್ಲ ಓದುವಂತೆ ನನ್ನ ಹೊಲಿಗೆ ಅಂಗಡಿಯ ಬಾಗಿಲಿಗೆ ಅಂಟಿಸುತ್ತಿದ್ದೇನೆ. ತಮ್ಮಂಥವರನ್ನು ಹೀಗೆ ಬಾಗಿಲಿಗೆ ಎಳೆದದ್ದಕ್ಕೆ ಮೊದಲೇ ಕ್ಷಮೆ ಇರಲಿ.

ಹತ್ತೊಂಬತ್ತು ವರ್ಷ ಪರರ ಮನೆಯಲ್ಲಿ ಬಾಡಿಗೆಗಿದ್ದು, ಮನೆ ಮಾಲೀಕರೆಂಬ ಕುಲವನ್ನೇ ಬಾಯಿ ತುಂಬ ಬೈದವನು ನಾನು. ಹೋದ ವರ್ಷ ಒಬ್ಬ ದಲ್ಲಾಳಿ ಅಂಗಡಿಗೆ ಬಂದು, ಪ್ಯಾಂಟಿನ ಅಳತೆ ಕೊಡುತ್ತಲೇ, "ಬಾಡಿಗೆಗೊಂದು ಮನೆ ಇದ್ರೆ ಕೂತಲ್ಲೇ ಸಂಪಾದನೆ" ಎಂದ. ಹೊಲಿಗೆ ಯಂತ್ರದ ಮುಂದೆ ಆಗಲೇ ಸಾಕಷ್ಟು ಕೂತಿದ್ದ ನನಗೆ ಕೂರುವ ಆ ಕೆಲಸ ಸುಲಭವೆನಿಸಿತು. ಫೋಟೋ ಸ್ಟುಡಿಯೋ ಮೇಲೆ ಮಾರಾಟಕ್ಕಿದ್ದ ಎರಡು ಕೋಣೆಯ ಮನೆ ನೋಡಲು ಹೋದಾಗ ನನ್ನಾಕೆ ಪೈಪು ನೋಡಿ ಎಂದಳು, ನಾನು ಬಣ್ಣ ನೋಡಿದೆ. ಅಂಗಿಯ ಅಸ್ತರು ತಿರುಗಿಸಿ ನೋಡದೆ ಯಾವ ಗಿರಾಕಿಯನ್ನೂ ಬಿಡದವನು, ಜೀವಮಾನದ ದುಡಿಮೆಯನ್ನು ತಿಳಿಹಳದಿ ಬಣ್ಣದ ಮೇಲೆ ಸುರಿದೆ.

ಮೊದಲ ಬಾಡಿಗೆದಾರರಾಗಿ ಬಂದವರು ಒಬ್ಬ ನರ್ಸಮ್ಮ ಮತ್ತು ಮೊಣಕಾಲು ನೋವಿನ ಅವರ ಅತ್ತೆ. ಇಬ್ಬರೂ ದೇವರಂಥವರು. ಮೂರನೆಯ ವಾರ ಸ್ಟುಡಿಯೋದವರು ಬಂದು, ಫೋಟೋ ತೆಗೆಯಲು ಹಿಂದೆ ಕಟ್ಟಿದ ಜಲಪಾತದ ಚಿತ್ರದಲ್ಲಿ ನಿಜವಾದ ನೀರು ಇಳಿಯುತ್ತಿದೆಯೆಂದು ತಿಳಿಸಿದರು. ಆಗ ನಾನು ತಮ್ಮನ್ನು ಕರೆದೆ, ತಾವು ಬಂದಿರಿ. ಹೌದು, ಒಮ್ಮೆ ಬಂದಿದ್ದಿರಿ, ಅದನ್ನು ಮರೆತರೆ ನನಗೆ ನರಕವೇ ಗತಿ. ಸ್ನಾನದ ಮನೆಯ ಗೋಡೆಗೆ ವೈದ್ಯರಂತೆ ಕಿವಿಯಿಟ್ಟು ಕೇಳಿ, ಐದೇ ಏಟಿಗೆ ಅಡುಗೆಮನೆ ಕಾಣುವಂತೆ ತೂತು ಮಾಡಿ, ಮುಖ್ಯ ಪೈಪಿನ ನೀರು ಬಂದ್ ಮಾಡಿ, "ಒಂದು ಜಾಯಿಂಟ್ ತರ್ಬೇಕು, ಈಗ ಬಂದೆ" ಎಂದು ಮೆಟ್ಟಿಲಿಳಿದಿರಿ. ಅಂಥ ಶುಚಿಯಾದ ಒಡೆತವನ್ನು ನಾನು ಕಂಡಿಲ್ಲ.

ಆಮೇಲಿನ ದಿನಗಳಲ್ಲಿ ಫೋನೆತ್ತಿದಾಗಲೆಲ್ಲ ತಾವು ದಾರಿಯಲ್ಲಿದ್ದಿರಿ. ಅಷ್ಟು ದಾರಿ ನಡೆದವರು ಇಷ್ಟರಲ್ಲಿ ಸಮುದ್ರ ದಾಟಿರಬೇಕು. ಬೇರೆಯವರನ್ನು ಕರೆಯೋಣವೆಂದರೆ ನಾಲ್ವರು ಬಂದು, ತೂತಿನೊಳಗೆ ಇಣುಕಿ, ಇನ್ನೊಬ್ಬರು ಒಡೆದ ಗೋಡೆಗೆ ಕೈ ಹಾಕುವುದಿಲ್ಲವೆಂದು ಹೊರಟುಹೋದರು. ತಮ್ಮ ಕಸುಬಿನಲ್ಲಿ ಈ ಪಾಟಿ ಒಗ್ಗಟ್ಟಿದೆಯೆಂದು ನನಗೆ ತಿಳಿದಿರಲಿಲ್ಲ. ನನ್ನ ಭಾಮೈದ ತಾನೇ ಸರಿಮಾಡುತ್ತೇನೆಂದು ನಲ್ಲಿಯ ತಿರುಪು ತಿರುಗಿಸಲು ಹೋಗಿ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದ. ಕೊನೆಗೆ ನಾನು ಕಲಿತ ವಿದ್ಯೆಯೇ ನೆರವಾಯಿತು: ತೂತಿಗೆ ಅಳತೆ ತೆಗೆದು, ಅಸ್ತರು ಕೊಟ್ಟು, ಒಂದು ಪರದೆ ಹೊಲಿದು ಕಟ್ಟಿದೆ. ದಿನಾ ಬೆಳಿಗ್ಗೆ ಸ್ಟುಡಿಯೋದ ನಲ್ಲಿಯಿಂದ ಇಪ್ಪತ್ತೆರಡು ಮೆಟ್ಟಿಲು ನೀರು ಹೊತ್ತೆ. ಕೂತಲ್ಲೇ ಸಂಪಾದನೆಯೆಂದರೆ ಇದೇ ಇರಬೇಕು.

ದರ್ಜಿಯಾದ ನಾನೂ ಗಿರಾಕಿಗಳಿಗೆ "ನಾಳೆ ಬನ್ನಿ" ಎಂದು ಹೇಳಿಯೇ ಬದುಕಿದವನು, ಇಲ್ಲವೆನ್ನಲಾರೆ. ಆದರೆ ಗಿರಾಕಿ ತೊಟ್ಟ ಅಂಗಿಯನ್ನು ಮೈಮೇಲೇ ಕತ್ತರಿಸಿ, ದಾರ ತರುತ್ತೇನೆಂದು ಎದ್ದು ಹೋದವನಲ್ಲ.

ತಾವು ಗೋಡೆ ಒಡೆದ ಇಪ್ಪತ್ತಾರನೆಯ ದಿನ ನರ್ಸಮ್ಮ ಕೆಲಸ ಮುಗಿಸಿ ನೇರ ಅಂಗಡಿಗೆ ಬಂದು ಬೀಗದ ಕೈ ಮೇಜಿನ ಮೇಲಿಟ್ಟರು. "ನೀವು ಕೆಟ್ಟೋರಲ್ಲ, ಗೊತ್ತು. ಆದ್ರೆ ನಮ್ಮತ್ತೆ ಒಂದು ತಿಂಗಳಿಂದ ಬಟ್ಟೆಯ ಗೋಡೆ ಹಿಂದೆ ಸ್ನಾನ ಮಾಡ್ತಿದಾರೆ. ನಿಮ್ಮ ಅಮ್ಮ ಆಗಿದ್ರೆ ಮಾಡಿಸ್ತಿದ್ರಾ?" ಎಂದರು. ಈ ಮಾತನ್ನು ಇದಕ್ಕಿಂತ ಗಟ್ಟಿಯಾಗಿ ನಾನು ನನ್ನ ಹಳೆಯ ಮಾಲೀಕರಿಗೆ ಎಷ್ಟೋ ಸಲ ಹೇಳಿದ್ದೆ. ಕೇಳಿಸಿಕೊಳ್ಳುವ ಕಡೆ ನಿಂತಾಗ ಅದು ಎಲ್ಲಿ ಚುಚ್ಚುತ್ತದೆಯೆಂದು ಅವತ್ತು ಗೊತ್ತಾಯಿತು.

ಹೀಗೆ ಮನೆ ಖಾಲಿಯಾಗಿ ಒಂದು ವಾರ ಕಳೆದ ಮೇಲೆ, ದಲ್ಲಾಳಿ ಹೊಸ ಬಾಡಿಗೆದಾರರನ್ನು ಕರೆತಂದ. ನೋಡಿದರೆ ತಾವು! ಸಕುಟುಂಬರಾಗಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮೆಟ್ಟಿಲ ಬುಡದಲ್ಲೇ ತಮಗೆ ಮನೆಯ ಗುರುತು ಹತ್ತಿ ಕಾಲು ನಿಧಾನವಾದದ್ದನ್ನು ಕಂಡೆ. ಆದರೆ ತಮ್ಮ ಶ್ರೀಮತಿಯವರು ಆಗಲೇ ಮೇಲೇರಿದ್ದರು. ಆ ತಾಯಿ ಬಣ್ಣ ನೋಡುವವರಲ್ಲ. ನಲ್ಲಿ ತಿರುಗಿಸಿದರು, ಪರದೆ ಎತ್ತಿದರು, ತೂತಿನಲ್ಲಿ ಕೈ ಹಾಕಿ ನೋಡಿದರು. "ಹಿಂಗೆ ಒಡೆದು ಬಿಟ್ಟು ಹೋಗಿದಾನಲ್ಲ, ಅವನ ಮನೇಲಿ ಯಾರೂ ಸ್ನಾನ ಮಾಡಲ್ವಾ?" ಎಂದು ಕೇಳಿದರು. ತಾವು ಕಿಟಕಿಯಾಚೆ ನೋಡುತ್ತ, "ಈಗೆಲ್ಲ ಒಳ್ಳೆ ಕೆಲಸದೋರು ಎಲ್ಲಿ ಸಿಗ್ತಾರೆ" ಎಂದಿರಿ. ಒಡೆದವರು ಯಾರೆಂದು ನಾನು ಬಾಯಿಬಿಡಲಿಲ್ಲ. ತಮ್ಮ ಮಾನ ಉಳಿಸಲೆಂದಲ್ಲ, ನನಗೆ ಬಾಡಿಗೆದಾರರು ಬೇಕಿತ್ತು.

ಆದ್ದರಿಂದ ಮಹನೀಯರೇ, ಮನೆಯನ್ನು ತಮಗೆ ಕೊಡಲು ನನಗೆ ಪರಮ ಸಂತೋಷ. ಪೈಪು ಸೋರಿದರೆ ನನ್ನನ್ನು ಕೇಳದೆ ತಾವು ತಮಗೇ ಫೋನು ಮಾಡತಕ್ಕದ್ದು. ಫೋನೆತ್ತದಿದ್ದರೆ ತಮ್ಮ ಮೇಲೆ ತಾವೇ ಕೋಪಗೊಳ್ಳತಕ್ಕದ್ದು. ತಾವು ದಾರಿಯಲ್ಲಿದ್ದೇನೆಂದು ಹೇಳಿದಲ್ಲಿ, ಬಾಗಿಲು ತೆರೆದಿಟ್ಟು, ತಾವು ಬರುವ ತನಕ ತಾವೇ ಕಾಯತಕ್ಕದ್ದು. ಇದಕ್ಕಿಂತ ಹೆಚ್ಚಿನ ಶಿಕ್ಷೆ ಕೊಡಲು ನನಗೆ ಮನಸ್ಸೂ ಇಲ್ಲ, ಅಧಿಕಾರವೂ ಇಲ್ಲ.

ತಮ್ಮ ಕೈಚಳಕಕ್ಕೆ ಈಗಲೂ ಬೆರಗಾಗಿರುವ,
ತಮ್ಮ ವಿಶ್ವಾಸಿ,
ಮೂಲೆಯಂಗಡಿಯ ದರ್ಜಿ, ಇತ್ತೀಚಿನ ಮಾಲೀಕ

ತಾ.ಕ.: ಇಂದು ಬೆಳಿಗ್ಗೆ ತಮ್ಮ ಶ್ರೀಮತಿಯವರು ಒಬ್ಬರೇ ಬಂದು ಕರಾರಿಗೆ ಸಹಿ ಹಾಕಿದರು. ಗೋಡೆ ಒಡೆದವರು ಯಾರೆಂದು ಕೇಳಿದರು, ಹೇಳಿದೆ. ಆಮೇಲೆ, ಮನೆಯಲ್ಲಿ ಯಾರ್ಯಾರು ಇರುವರೆಂಬ ಕಡೆ ಗಂಡನಾದ ತಮ್ಮ ಹೆಸರು ಬರೆದು, ಅದರ ಮುಂದೆ ದುಂಡಗಿನ ಅಕ್ಷರದಲ್ಲಿ "ಗೋಡೆ ಮುಚ್ಚಿದ ಮೇಲೆ ಮಾತ್ರ" ಎಂದು ಸೇರಿಸಿದ್ದಾರೆ.